ಚಳಿಗಾಲದ ಲೆಕ್ಕ, ಬೇಸಿಗೆಯ ಮದ್ದು

ರೈಫಲ್ ಕಾಡತೂಸಿನ ಡಬ್ಬಿಯ ಮೇಲೆ ಅಚ್ಚಾಗಿರುವ ವೇಗ ಸಾಮಾನ್ಯವಾಗಿ 21 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಅಳೆದದ್ದು. ಒತ್ತಡ ಪರೀಕ್ಷೆಗೆ ಕಾಡತೂಸುಗಳ ಮಾನದಂಡ ನಿಗದಿಪಡಿಸುವ ಯುರೋಪಿನ ಸಂಸ್ಥೆ ಸಿಐಪಿ ಹಿಡಿದಿರುವ ಉಷ್ಣಾಂಶ ಅದೇ, ಅಮೆರಿಕದ ಅಂಥದ್ದೇ ಸಂಸ್ಥೆ ಸಾಮಿ ಹೇಳುವ 70 ಫ್ಯಾರನ್‌ಹೀಟ್ ಅಂದರೂ ಅದೇ. ಮೈಸೂರಿನಲ್ಲಿ 21 ಡಿಗ್ರಿ ಸಿಗುವುದು ಡಿಸೆಂಬರ್, ಜನವರಿಯ ಬೆಳಗಿನ ಹೊತ್ತು. ಏಪ್ರಿಲ್ ಮಧ್ಯಾಹ್ನ ನೆರಳಿನಲ್ಲೇ 35 ದಾಟುತ್ತದೆ. ಮಂಡ್ಯದ ಬಯಲಿನಲ್ಲಿ ಬೆಂಚಿನ ಮೇಲೆ ಬಿಸಿಲಿಗೆ ಬಿಟ್ಟ ಹಿತ್ತಾಳೆಯ ಕಾಡತೂಸನ್ನು ಸ್ವಲ್ಪ ಹೊತ್ತಿನ ನಂತರ ಮುಟ್ಟಿದರೆ ಬೆರಳು ಹಿಂದಕ್ಕೆ ಬರುತ್ತದೆ. ಒಳಗಿರುವ ಮದ್ದಿಗೂ ಅದೇ ಕಾವು ತಾಗಿರುತ್ತದೆ. ಮದ್ದು ಆರಿಸುವಾಗ ಈ 20-25 ಡಿಗ್ರಿಯ ಅಂತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳದವರು ಚಳಿಗಾಲದಲ್ಲಿ ಮಾಡಿದ ಒಳ್ಳೆಯ ಲೆಕ್ಕವನ್ನು ಬೇಸಿಗೆಯಲ್ಲಿ ಕಳೆದುಕೊಳ್ಳುತ್ತಾರೆ. ಗುರಿ ಕೆಡುವುದು ಒಂದು ಕಡೆಗಾದರೆ, ಒತ್ತಡ ಮಿತಿ ದಾಟುವುದು ಇನ್ನೊಂದು ಕಡೆ. ಎರಡನೆಯದು ಕೈ, ಕಣ್ಣಿನ ಪ್ರಶ್ನೆ.

ಕಾನೂನಿನ ವಿಷಯ ಮೊದಲೇ ಹೇಳಿಬಿಡಬೇಕು. ನಮ್ಮಲ್ಲಿ ಕಾಡತೂಸು ತಯಾರಿಸಲು 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಅದಕ್ಕೆಂದೇ ಲೈಸೆನ್ಸ್ ಬೇಕು. ಬಂದೂಕು ಇಟ್ಟುಕೊಳ್ಳಲು ಜಿಲ್ಲಾಧಿಕಾರಿ ಕಚೇರಿಯಿಂದ ಪಡೆದ ಲೈಸೆನ್ಸ್ ಇದಕ್ಕೆ ಸಾಲದು. ಹಾಗಾಗಿ ಕಾಡತೂಸನ್ನು ಮನೆಯಲ್ಲೇ ಕೈಯಲ್ಲಿ ತುಂಬುವ ಭಾಗ ಅದಕ್ಕೆ ಅವಕಾಶವಿರುವ ದೇಶಗಳಲ್ಲಿ ನೆಲೆಸಿರುವ ನಮ್ಮ ಕಡೆಯವರಿಗೆ. ಮೈಸೂರು, ಮಂಡ್ಯದಲ್ಲೇ ಇದ್ದು ಫ್ಯಾಕ್ಟರಿ ಕಾಡತೂಸು ಹೊಡೆಯುವ ಸ್ಪರ್ಧಾಳುಗಳಿಗೂ ಉಳಿದದ್ದೆಲ್ಲ ಬೇಕಾಗುತ್ತದೆ. ಯಾರು ತುಂಬಿದರೂ ಮದ್ದು ಬಿಸಿಲಿಗೆ ಒಂದೇ ರೀತಿ ನಡೆದುಕೊಳ್ಳುತ್ತದೆ. ಇಷ್ಟು ಗ್ರೇನ್ ಹಾಕಿ ಎನ್ನುವ ತೂಕದ ಅಂಕಿಗಳನ್ನು ಇಲ್ಲಿ ಬೇಕೆಂದೇ ಕೊಟ್ಟಿಲ್ಲ. ಅದನ್ನು ಮದ್ದಿನ ತಯಾರಕರ ಇತ್ತೀಚಿನ ಕೈಪಿಡಿಯಿಂದಲೇ ತೆಗೆದುಕೊಳ್ಳಬೇಕು, ಬೇರೆ ಎಲ್ಲಿಂದಲೂ ಅಲ್ಲ.

ಕಾವಿಗೂ ವೇಗಕ್ಕೂ ಏನು ಸಂಬಂಧ

ಹೊಗೆರಹಿತ ಮದ್ದು ರೈಫಲಿನೊಳಗೆ ಉರಿಯುತ್ತದೆ, ಸಿಡಿಯುವುದಿಲ್ಲ. ಪ್ರತಿಯೊಂದು ಕಾಳೂ ಹೊರಮೈಯಿಂದ ಒಳಕ್ಕೆ ಪದರ ಪದರವಾಗಿ ಉರಿದುಕೊಂಡು ಹೋಗುತ್ತದೆ. ಒಂದು ಪದರ ಹೊತ್ತಿಕೊಳ್ಳಬೇಕಾದರೆ ಮೊದಲು ಅದು ಒಂದು ಮಟ್ಟದವರೆಗೆ ಕಾಯಬೇಕು. ಕಾಳು 15 ಡಿಗ್ರಿಯಿಂದ ಹೊರಟರೆ ಅದಕ್ಕೆ ಬೇಕಾದ ಶಾಖ ಹೆಚ್ಚು, 40ರಿಂದ ಹೊರಟರೆ ಕಡಿಮೆ. ಆಲೆಮನೆಯ ಒಲೆಗೆ ಬೆಳಗಿನ ಇಬ್ಬನಿಯಲ್ಲಿದ್ದ ಕಬ್ಬಿನ ಸಿಪ್ಪೆ ಹಾಕುವುದಕ್ಕೂ ಮಧ್ಯಾಹ್ನದ ಬಿಸಿಲಲ್ಲಿ ಕಾದು ಗರಿಗರಿಯಾದ ಸಿಪ್ಪೆ ಹಾಕುವುದಕ್ಕೂ ಇರುವ ವ್ಯತ್ಯಾಸ ಮಂಡ್ಯದವರಿಗೆ ಗೊತ್ತೇ ಇದೆ. ಆದರೆ ಒಲೆ ತೆರೆದಿರುತ್ತದೆ, ರೈಫಲಿನಲ್ಲಿ ಕಾಡತೂಸು ಕೂರುವ ಚೇಂಬರ್ ಮುಚ್ಚಿರುತ್ತದೆ. ಕಾಳು ಬೇಗ ಉರಿದರೆ ಅನಿಲ ಬೇಗ ಹುಟ್ಟುತ್ತದೆ, ಒತ್ತಡ ಏರುತ್ತದೆ. ಒತ್ತಡ ಏರಿದಾಗ ಉಳಿದ ಕಾಳುಗಳು ಇನ್ನೂ ಬೇಗ ಉರಿಯುತ್ತವೆ. ಒಂದಕ್ಕೊಂದು ಕುಮ್ಮಕ್ಕು ಕೊಡುವ ಈ ಓಟವೆಲ್ಲ ಒಂದೆರಡು ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ. ಆದ್ದರಿಂದಲೇ ವೇಗ ಶೇ. 2ರಷ್ಟು ಏರಿದಾಗ ಒತ್ತಡವೂ ಶೇ. 2ರಷ್ಟೇ ಏರಿರಬಹುದು ಎಂದುಕೊಳ್ಳಬಾರದು. ಒತ್ತಡ ಯಾವಾಗಲೂ ವೇಗಕ್ಕಿಂತ ಮುಂದೆ ಓಡುತ್ತದೆ.

ಇದು ನಮ್ಮ ಕಾಡಿನ ಸುತ್ತಮುತ್ತಲ ಹಳೆಯ ರೈಫಲ್‌ಗಳ ಕಾಲದಿಂದ ಗೊತ್ತಿರುವ ಸಂಗತಿ. 1889ರಲ್ಲಿ ಬ್ರಿಟಿಷರು ತಂದ ಕಾರ್ಡೈಟ್‌ನಲ್ಲಿ 58 ಭಾಗ ನೈಟ್ರೋಗ್ಲಿಸರಿನ್, 37 ಭಾಗ ಗನ್‌ಕಾಟನ್, 5 ಭಾಗ ಖನಿಜ ಜೆಲ್ಲಿ ಇತ್ತು. ಶ್ಯಾವಿಗೆಯಂತೆ ಉದ್ದ ಎಳೆಗಳು. ಇಷ್ಟು ನೈಟ್ರೋಗ್ಲಿಸರಿನ್ ಇದ್ದ ಮದ್ದು ನಳಿಕೆಯನ್ನು ಬೇಗ ತಿನ್ನುತ್ತಿತ್ತು, ಕಾವಿಗೂ ಬಹಳ ಬೇಗ ಸ್ಪಂದಿಸುತ್ತಿತ್ತು. ನಳಿಕೆ ಸವೆಯುವುದನ್ನು ತಗ್ಗಿಸಲು ಮುಂದೆ ಬಂದ ಕಾರ್ಡೈಟ್ ಎಂಡಿಯಲ್ಲಿ ನೈಟ್ರೋಗ್ಲಿಸರಿನ್ 30 ಭಾಗಕ್ಕೆ ಇಳಿಯಿತು. ಇಂಗ್ಲೆಂಡಿನ ತಂಪಿನಲ್ಲಿ ಸರಿಯಾಗಿ ಹೊಡೆದ ಜೋಡುನಳಿಗೆ ರೈಫಲ್, ಇಲ್ಲಿ ಏಪ್ರಿಲ್‌ನಲ್ಲಿ ಮದ್ದಿನ ಹಿತ್ತಾಳೆ ಕವಚವಾದ ಕೇಸನ್ನು ಚೇಂಬರಿಗೆ ಕಚ್ಚಿಸಿಬಿಡುತ್ತಿತ್ತು. ಎದುರಿಗೆ ಗಾಯಗೊಂಡ ಪ್ರಾಣಿ ಇದ್ದಾಗ ಕೇಸು ಹೊರಬರದಿದ್ದರೆ ಆ ರೈಫಲ್ ಕಬ್ಬಿಣದ ದೊಣ್ಣೆ ಅಷ್ಟೇ. ಅದಕ್ಕೆಂದೇ ಉಷ್ಣದೇಶಗಳಿಗೆ ಕಾರ್ಡೈಟನ್ನು ಸ್ವಲ್ಪ ಕಡಿಮೆ ತುಂಬಿದ ಟ್ರಾಪಿಕಲ್ ಲೋಡ್‌ಗಳನ್ನು ಬೇರೆಯಾಗಿ ತಯಾರಿಸುತ್ತಿದ್ದರು. .450/400 ಕಾಡತೂಸು ಭಾರತದಲ್ಲಿ ಅಷ್ಟು ಹೆಸರು ಮಾಡಿದ್ದಕ್ಕೆ ಅದರ ಸೌಮ್ಯ ಒತ್ತಡವೂ ಒಂದು ಕಾರಣ. 1911ರ .416 ರಿಗ್ಬಿಯ ಕೇಸು ಅಷ್ಟು ದಪ್ಪಗಿರುವುದು ಒಳಗಿನ ಜಾಗ ಹೆಚ್ಚಿಸಿ ಒತ್ತಡವನ್ನು ಕೆಳಗಿಡಲು. 1912ರ .375 ಹಾಲೆಂಡ್ ಅಂಡ್ ಹಾಲೆಂಡ್ ಕೇಸು ಅಷ್ಟು ಓರೆಯಾಗಿರುವುದಕ್ಕೂ ಕಾರ್ಡೈಟ್‌ನ ಎಳೆಗಳನ್ನು ತುಂಬುವ ಅನುಕೂಲದ ಜೊತೆಗೆ, ಹೊಡೆದ ಕೇಸು ಸಲೀಸಾಗಿ ಹೊರಬರಬೇಕೆಂಬ ಉದ್ದೇಶವೂ ಕಾರಣವಾಗಿತ್ತು. ಬಂಡೀಪುರ ದಾಟಿ ಊಟಿಯ ಆಚೆ ಸಿಗುವ ಅರುವಂಕಾಡಿನ ಕಾರ್ಡೈಟ್ ಫ್ಯಾಕ್ಟರಿ ಕೂಡ ಆ ಕಾಲದ್ದೇ.

ಈಗಿನ ಮದ್ದುಗಳು

ಇಂದು ಸಿಗುವ ರೈಫಲ್ ಮದ್ದುಗಳನ್ನು ಎರಡು ಬಗೆಯಲ್ಲಿ ನೋಡಬೇಕು. ಒಳಗೆ ಏನಿದೆ ಎನ್ನುವುದು ಒಂದು. ಬರೀ ನೈಟ್ರೋಸೆಲ್ಯುಲೋಸ್ ಇದ್ದರೆ ಸಿಂಗಲ್ ಬೇಸ್, ಜೊತೆಗೆ ನೈಟ್ರೋಗ್ಲಿಸರಿನ್ ಇದ್ದರೆ ಡಬಲ್ ಬೇಸ್. ಆಕಾರ ಇನ್ನೊಂದು. ಸಣ್ಣ ಕಡ್ಡಿ ತುಂಡುಗಳಂತಿರುವುದು ಎಕ್ಸ್‌ಟ್ರೂಡೆಡ್, ಸಾಸಿವೆಯಂತೆ ಇಲ್ಲವೇ ಚಪ್ಪಟೆಯಾದ ಗುಂಡುಗಳಂತಿರುವುದು ಬಾಲ್ ಪೌಡರ್. ಬಾಲ್ ಪೌಡರ್ ಹೆಚ್ಚಾಗಿ ಡಬಲ್ ಬೇಸ್. ಅಳತೆ ಯಂತ್ರದಿಂದ ನೀರಿನಂತೆ ಇಳಿಯುತ್ತದೆ, ತೂಕ ಒಂದೇ ಸಮ ಬರುತ್ತದೆ. ಆದರೆ ಅದು ಉರಿಯುವ ವೇಗ ಹೊರಮೈಗೆ ಬಳಿದ ನಿಧಾನಕಾರಿ ರಾಸಾಯನಿಕವನ್ನು ಬಹಳವಾಗಿ ನೆಚ್ಚಿಕೊಂಡಿರುತ್ತದೆ, ಮತ್ತು ಕಾವಿನ ಏರಿಳಿತ ಅದರಲ್ಲಿ ಸಾಮಾನ್ಯವಾಗಿ ಹೆಚ್ಚು ಕಾಣುತ್ತದೆ. ಡಬಲ್ ಬೇಸ್ ಎಂದ ಕೂಡಲೇ ತಳ್ಳಿಹಾಕುವುದೂ ತಪ್ಪು. ಅಲಯಂಟ್ ಕಂಪನಿಯ ರೀಲೋಡರ್ 22 ಕಾವಿಗೆ ಏರುತ್ತದೆ ಎಂಬ ಹೆಸರು ಪಡೆದಿದೆ. ಅದೇ ಕಂಪನಿಯ ರೀಲೋಡರ್ 16 ಮತ್ತು 23 ಕಾವಿಗೆ ಅಲುಗದಂತೆ ತಯಾರಾದವು.

ಕಾವಿಗೆ ಅಲುಗದ ಮದ್ದು ಎಂದರೆ ಮೊದಲು ಬಾಯಿಗೆ ಬರುವ ಹೆಸರು ಹಾಡ್ಜ್‌ಡನ್‌ನ ಎಕ್ಸ್‌ಟ್ರೀಮ್ ಸಾಲು: ವಾರ್ಗೆಟ್, ಎಚ್4350, ಎಚ್4831, ಎಚ್1000, ರಿಟಂಬೊ. ಇವನ್ನು ತಯಾರಿಸುವುದು ಆಸ್ಟ್ರೇಲಿಯಾದಲ್ಲಿ. ಆಸ್ಟ್ರೇಲಿಯಾದಲ್ಲಿರುವವರು ಎಡಿಐ ಹೆಸರಿನಲ್ಲಿ ಕೊಳ್ಳುವ ಎಆರ್2208 ಅಂದರೆ ವಾರ್ಗೆಟ್, ಎಆರ್2209 ಅಂದರೆ ಎಚ್4350. ಸುಡುಬಿಸಿಲಿನ ದೇಶದಲ್ಲಿ ತಯಾರಾದ ಮದ್ದು ನಮ್ಮ ಹವಾಮಾನದ ಲೆಕ್ಕಕ್ಕೆ ಹೊಂದಿಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ. ಫಿನ್ಲೆಂಡಿನ ವಿಹ್ತಾವುವೊರಿಯ ಎನ್100 ಸಾಲು ಸಿಂಗಲ್ ಬೇಸ್, ಎನ್500 ಸಾಲಿಗೆ ನೈಟ್ರೋಗ್ಲಿಸರಿನ್ ಸೇರಿಸಿರುತ್ತಾರೆ.

ಅಂಕಿಯಲ್ಲಿ ಹೇಳಬೇಕೆಂದರೆ, ಬಂದೂಕಿನವರ ಲೆಕ್ಕ ಒಂದು ಫ್ಯಾರನ್‌ಹೀಟ್ ಡಿಗ್ರಿಗೆ ಇಷ್ಟು ಅಡಿ ಎಂದು ನಡೆಯುತ್ತದೆ. ಏರಿಳಿತದ ಮದ್ದು ಒಂದು ಡಿಗ್ರಿಗೆ ಸೆಕೆಂಡಿಗೆ 1ರಿಂದ 1.5 ಅಡಿ ಬದಲಾಗುತ್ತದೆ. ಸ್ಥಿರವಾದದ್ದು ಅರ್ಧ ಅಡಿಗಿಂತ ಕಡಿಮೆ. ನಮ್ಮ ಡಿಗ್ರಿಗೆ ಇಳಿಸಿದರೆ ಮೊದಲನೆಯದು ಒಂದು ಸೆಲ್ಸಿಯಸ್‌ಗೆ ಸೆಕೆಂಡಿಗೆ 0.55ರಿಂದ 0.8 ಮೀಟರ್, ಎರಡನೆಯದು 0.27ರ ಒಳಗೆ. 15ರಿಂದ 40ಕ್ಕೆ ಹೋದಾಗ ಮೊದಲ ಬಗೆಯ ಮದ್ದು ಸೆಕೆಂಡಿಗೆ 14ರಿಂದ 20 ಮೀಟರ್ ಏರುತ್ತದೆ, ಎರಡನೆಯದು ಹೆಚ್ಚೆಂದರೆ 7 ಮೀಟರ್.

ಇದು ಗುರಿಯ ಮೇಲೆ ಎಷ್ಟು? ಗುಂಡು ಕೆಳಕ್ಕೆ ಬೀಳುವ ದೂರ ವೇಗದ ವರ್ಗಕ್ಕೆ ವಿಲೋಮ. ವೇಗ ಶೇ. 2 ಹೆಚ್ಚಾದರೆ ಬೀಳುವುದು ಸುಮಾರು ಶೇ. 4 ಕಡಿಮೆಯಾಗುತ್ತದೆ. ಸೆಕೆಂಡಿಗೆ 790 ಮೀಟರ್ ವೇಗದ 175 ಗ್ರೇನ್ .308 ಗುಂಡು ತೆಗೆದುಕೊಳ್ಳಿ. 15 ಮೀಟರ್ ವೇಗ ಹೆಚ್ಚಾದರೆ 300 ಮೀಟರ್‌ನಲ್ಲಿ ಸುಮಾರು 3 ಸೆಂಟಿಮೀಟರ್ ಮೇಲೆ ಬಡಿಯುತ್ತದೆ. 300 ಮೀಟರ್ ಸ್ಪರ್ಧೆಯ ಹತ್ತರ ವೃತ್ತದ ವ್ಯಾಸ 10 ಸೆಂಟಿಮೀಟರ್, ಅಂದರೆ ನಡುವಿನಿಂದ ಅಂಚಿಗೆ 5. ಅದರಲ್ಲಿ 3 ಹೋದರೆ ಹೊಡೆಯುವವರ ಕೈಗೆ ಉಳಿಯುವುದು 2. ಸಾವಿರ ಗಜದ ಲೆಕ್ಕಕ್ಕೆ ಹೋದರೆ ಅದೇ 15 ಮೀಟರ್ ವ್ಯತ್ಯಾಸ ಸುಮಾರು ಅರ್ಧ ಮೀಟರ್ ಆಗುತ್ತದೆ.

ಹೀಗೆಂದು ಹೆಸರು ನೋಡಿಯೇ ಮದ್ದು ಆರಿಸಬಾರದು. ಮೊದಲು ನೋಡಬೇಕಾದದ್ದು ಆ ಕೇಸಿಗೆ, ಆ ಗುಂಡಿನ ತೂಕಕ್ಕೆ ಹೊಂದುವ ಉರಿವೇಗ. ಆಮೇಲೆ ಕೇಸು ಎಷ್ಟು ತುಂಬುತ್ತದೆ ಎನ್ನುವುದು. ಸರಿಯಾದ ಪ್ರಮಾಣ ಹಾಕಿದಾಗ ಒಳಜಾಗದ ಶೇ. 90ಕ್ಕಿಂತ ಹೆಚ್ಚು ತುಂಬುವ ಮದ್ದು ಒಳ್ಳೆಯದು. ಅರ್ಧ ಖಾಲಿ ಇದ್ದರೆ ರೈಫಲ್ ಮೇಲೆತ್ತಿ ಇಳಿಸಿದಾಗ ಮದ್ದು ಹಿಂದಕ್ಕೆ ಮುಂದಕ್ಕೆ ಸರಿದು, ಮದ್ದಿಗೆ ಬೆಂಕಿ ಹಚ್ಚುವ ಪ್ರೈಮರಿನ ಜ್ವಾಲೆ ಪ್ರತಿ ಸಲವೂ ಬೇರೆ ರೀತಿ ತಾಗುತ್ತದೆ. ಹಾಗಾದಾಗ ವೇಗದಲ್ಲಿ ಕಾಣುವ ವ್ಯತ್ಯಾಸ ಕಾವಿನದ್ದೋ ಮದ್ದು ಸರಿದದ್ದೋ ಎಂದು ಹೇಳಲಾಗುವುದಿಲ್ಲ. ಮೂರನೆಯದು ಕಾವಿನ ಸ್ಥಿರತೆ. ಇದು ಮದ್ದಿಗೆ ಅಂಟಿದ ಗುಣವೇನೂ ಅಲ್ಲ. .308ರಲ್ಲಿ ಅಲುಗದ ಮದ್ದು ಬೇರೆ ಕೇಸಿನಲ್ಲಿ, ಬೇರೆ ಗುಂಡಿನ ಹಿಂದೆ, ಬೇರೆ ಒತ್ತಡದಲ್ಲಿ ಅಲುಗಬಹುದು. ಜಾಹೀರಾತಿನ ನಕ್ಷೆ ಆ ಒಂದು ಕಾಡತೂಸಿನ ನಕ್ಷೆ. ಪ್ರೈಮರ್ ಬದಲಾಯಿಸಿದರೂ ಫಲಿತಾಂಶ ಬದಲಾಗುತ್ತದೆ. ಚಳಿಯಲ್ಲಿ ಬಾಲ್ ಪೌಡರ್ ಹೊತ್ತಿಸಲು ಬೇಕಾದ ಮ್ಯಾಗ್ನಮ್ ಪ್ರೈಮರ್ ನಮ್ಮ ಬೇಸಿಗೆಯಲ್ಲಿ ಒತ್ತಡಕ್ಕೆ ಇನ್ನಷ್ಟು ಸೇರಿಸುತ್ತದೆ. ಕೈಪಿಡಿಯಲ್ಲಿ ಯಾವ ಪ್ರೈಮರ್ ಇದೆಯೋ ಅದನ್ನೇ ಹಾಕಬೇಕು.

ನಾವೇ ಅಳೆಯುವುದು

ನಿಮ್ಮ ರೈಫಲಿನಲ್ಲಿ ನಿಮ್ಮ ಮದ್ದು ಒಂದು ಡಿಗ್ರಿಗೆ ಎಷ್ಟು ಏರುತ್ತದೆ ಎಂದು ತಿಳಿಯಲು ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್, ತಂತಿಯ ತುದಿಯಲ್ಲಿ ಮೊನೆಯಿರುವ ಡಿಜಿಟಲ್ ಥರ್ಮಾಮೀಟರ್, ಎರಡು ಥರ್ಮಕೋಲ್ ಪೆಟ್ಟಿಗೆ ಸಾಕು. ಒಂದೇ ಲಾಟಿನ, ಅಂದರೆ ಒಂದೇ ಸಲ ತಯಾರಾದ ಮದ್ದು, ಪ್ರೈಮರ್, ಗುಂಡು, ಒಂದೇ ಸಲ ತಂದ ಕೇಸುಗಳಿಂದ 30 ಕಾಡತೂಸು ಬೇಕು. ಪ್ರಮಾಣ ಗರಿಷ್ಠಕ್ಕಿಂತ ಸಾಕಷ್ಟು ಕೆಳಗಿರಲಿ, ಏಕೆಂದರೆ ಬಿಸಿ ಗುಂಪು ಮೇಲಕ್ಕೆ ಹೋಗಿಯೇ ಹೋಗುತ್ತದೆ. ಹತ್ತು ತಣ್ಣಗಿನವು, ಹತ್ತು ಸಾಧಾರಣ, ಹತ್ತು ಬಿಸಿ.

ತಣ್ಣಗಿನ ಗುಂಪಿನ ವಿಷಯದಲ್ಲಿ ಇಲ್ಲಿನ ಹವೆಗೆ ತಕ್ಕ ಒಂದು ಎಚ್ಚರಿಕೆ ಇದೆ. ಮಂಜುಗಡ್ಡೆಯ ಪೆಟ್ಟಿಗೆಯಿಂದ ತೆಗೆದ ಕಾಡತೂಸಿನ ಮೇಲೆ ಮಳೆಗಾಲದ ಗಾಳಿಯಲ್ಲಿ ಕ್ಷಣದಲ್ಲಿ ಪಸೆ ಕೂರುತ್ತದೆ. ಗುಂಡು ಹಾರಿದಾಗ ಕೇಸು ಉಬ್ಬಿ ಚೇಂಬರಿನ ಗೋಡೆಯನ್ನು ಹಿಡಿದುಕೊಳ್ಳುವುದರಿಂದ ಚೇಂಬರನ್ನು ಹಿಂದಿನಿಂದ ಮುಚ್ಚುವ ಬೋಲ್ಟ್ ಮೇಲಿನ ಹೊರೆ ಸ್ವಲ್ಪ ತಗ್ಗುತ್ತದೆ. ನಡುವೆ ನೀರೋ ಎಣ್ಣೆಯೋ ಇದ್ದರೆ ಆ ಹಿಡಿತ ತಪ್ಪಿ ಪೂರ್ತಿ ಹೊಡೆತ ಬೋಲ್ಟಿಗೆ ಬೀಳುತ್ತದೆ. ಆದ್ದರಿಂದ ಈ ಪರೀಕ್ಷೆಗೆ ಜನವರಿ, ಫೆಬ್ರುವರಿಯ ಒಣ ಬೆಳಗೇ ಸರಿ. ರಾತ್ರಿಯಿಡೀ ಬೀಗ ಹಾಕಿದ ತಂಪು ಕೋಣೆಯಲ್ಲಿದ್ದದ್ದು ಬೆಳಿಗ್ಗೆ 16-17 ಡಿಗ್ರಿಯಲ್ಲಿ ಸಿಗುತ್ತದೆ, ಅದನ್ನು ಮುಚ್ಚಿದ ಪೆಟ್ಟಿಗೆಯಲ್ಲಿ ತಂದರೆ ಮಂಜುಗಡ್ಡೆ ಬೇಕಾಗುವುದೇ ಇಲ್ಲ. ನಾವು ಹೊಡೆಯದ ಉಷ್ಣಾಂಶದಲ್ಲಿ ಅಳೆದು ಪ್ರಯೋಜನವೂ ಇಲ್ಲ.

ಬಿಸಿ ಗುಂಪಿಗೆ ಎರಡನೇ ಪೆಟ್ಟಿಗೆಯಲ್ಲಿ ಬೆಚ್ಚನೆಯ ನೀರು ತುಂಬಿ ಬಿಗಿಯಾಗಿ ಮುಚ್ಚಿದ ಎರಡು ಬಾಟಲಿ ಇಡಿ. ಕಾಡತೂಸುಗಳನ್ನು ಜಿಪ್ ಕವರಿನಲ್ಲಿ ಹಾಕಿ ನಡುವೆ ಇಟ್ಟು, ಥರ್ಮಾಮೀಟರಿನ ಮೊನೆಯನ್ನು ಅವುಗಳ ನಡುವೆ ತೂರಿಸಿ. 40 ಡಿಗ್ರಿಗೆ ಬಂದು ಒಂದೂವರೆ, ಎರಡು ಗಂಟೆ ಅಲ್ಲೇ ನಿಂತರೆ ಒಳಗಿನ ಮದ್ದೂ ಅಷ್ಟೇ ಕಾದಿರುತ್ತದೆ. ಒಲೆ, ಓವನ್, ಹೇರ್ ಡ್ರೈಯರ್, ಕಾರಿನ ಡ್ಯಾಶ್‌ಬೋರ್ಡ್ ಯಾವುದೂ ಬೇಡ. ಅವುಗಳಲ್ಲಿ ಕಾವು ನಿಮ್ಮ ಹತೋಟಿಯಲ್ಲಿರುವುದಿಲ್ಲ.

ಹೊಡೆಯುವ ಕ್ರಮ ಮುಖ್ಯ. ಹತ್ತೂ ತಣ್ಣಗಿನದನ್ನು ಮೊದಲು ಮುಗಿಸಿ ಕೊನೆಗೆ ಬಿಸಿಯವನ್ನು ಹೊಡೆದರೆ, ಅಷ್ಟರಲ್ಲಿ ನಳಿಕೆಯೂ ಕಾದು ಲೆಕ್ಕ ಕಲಸಿಹೋಗುತ್ತದೆ. ಒಂದು ತಣ್ಣಗಿನದು, ಒಂದು ಸಾಧಾರಣ, ಒಂದು ಬಿಸಿ, ಮತ್ತೆ ಮೊದಲಿನಿಂದ, ಹೀಗೆ ಸರದಿಯಲ್ಲಿ ಹೋಗಬೇಕು. ಪ್ರತಿ ಸಲವೂ ಪೆಟ್ಟಿಗೆಯಿಂದ ತೆಗೆದು ಚೇಂಬರಿಗೆ ಹಾಕಿ ಹತ್ತು ಸೆಕೆಂಡಿನೊಳಗೆ ಹೊಡೆಯಬೇಕು. ನಳಿಕೆ ಐದು ಸೆಕೆಂಡು ಕೈಯಿಟ್ಟರೆ ತಾಳುವಷ್ಟು ಬಿಸಿಯೊಳಗೇ ಇರಬೇಕು, ಮೀರಿದರೆ ಬೋಲ್ಟ್ ತೆರೆದು ಕಾಯಬೇಕು.

ಉದಾಹರಣೆಗೆ 16 ಡಿಗ್ರಿಯಲ್ಲಿ ಸರಾಸರಿ ವೇಗ ಸೆಕೆಂಡಿಗೆ 783 ಮೀಟರ್, 24ರಲ್ಲಿ 786, 40ರಲ್ಲಿ 797 ಬಂತೆಂದುಕೊಳ್ಳಿ. ಒಟ್ಟಾರೆ 24 ಡಿಗ್ರಿಗೆ 14 ಮೀಟರ್, ಅಂದರೆ ಡಿಗ್ರಿಗೆ 0.58. ಆದರೆ ತುಂಡು ತುಂಡಾಗಿ ನೋಡಿದರೆ ಮೊದಲ 8 ಡಿಗ್ರಿಗೆ 0.38, ಮುಂದಿನ 16 ಡಿಗ್ರಿಗೆ 0.69. ಬಿಸಿಯ ಕಡೆಗೆ ಏರು ಕಡಿದಾಗುವ ಇಂಥ ಮದ್ದುಗಳೇ ಮೋಸ ಮಾಡುವುದು. ಎರಡೇ ಬಿಂದು ಅಳೆದು ಗೆರೆ ಎಳೆದವರಿಗೆ ಇದು ಕಾಣುವುದೇ ಇಲ್ಲ. ಒಂದು ಗುಂಪಿನೊಳಗೇ ವೇಗ 4 ಮೀಟರಿನಷ್ಟು ಅತ್ತಿತ್ತ ಚದುರುತ್ತಿದ್ದರೆ, ಹತ್ತು ಹೊಡೆತದ ಸರಾಸರಿಯಲ್ಲೂ ಸುಮಾರು 1.3 ಮೀಟರಿನ ಅನುಮಾನ ಉಳಿದಿರುತ್ತದೆ. ಆದ್ದರಿಂದ ಎರಡು ಗುಂಪುಗಳ ನಡುವೆ 2-3 ಮೀಟರಿನ ವ್ಯತ್ಯಾಸ ಕಂಡು ಈ ಮದ್ದು ಆ ಮದ್ದಿಗಿಂತ ವಾಸಿ ಎಂದು ತೀರ್ಮಾನಿಸಬಾರದು. ಮೂರು ಮೂರು ಹೊಡೆದು ತೀರ್ಪು ಕೊಡುವುದು ಕಾಡತೂಸು ದಂಡ.

ಒತ್ತಡದ ಗುರುತು

ಮನೆಯಲ್ಲಿ ಒತ್ತಡ ಅಳೆಯುವ ಉಪಕರಣ ಹೆಚ್ಚಿನವರ ಬಳಿ ಇರುವುದಿಲ್ಲ, ಕಾಡತೂಸೇ ಹೇಳಬೇಕು. ಹೊಡೆದ ಕೇಸನ್ನು ಬೆಳಕಿಗೆ ಓರೆಯಾಗಿ ಹಿಡಿದು ತಳ ನೋಡಿ. ತಯಾರಕರ ಅಕ್ಷರಗಳ ಮೇಲೆ ಸಣ್ಣದೊಂದು ಹೊಳೆಯುವ ಚಂದ್ರಾಕಾರ ಇದ್ದರೆ, ಹಿತ್ತಾಳೆಯು ಬೋಲ್ಟಿನಲ್ಲಿ ಕೇಸನ್ನು ಹೊರಗೆಸೆಯುವ ಎಜೆಕ್ಟರಿನ ತೂತಿನೊಳಕ್ಕೆ ಒತ್ತಿ ಹರಿದಿದೆ ಎಂದರ್ಥ. ಬೋಲ್ಟ್ ಹಿಡಿಕೆ ಎತ್ತುವಾಗ ಮೊದಲಿನ ಸಲೀಸು ಇಲ್ಲದೆ ಅಂಗೈಯಿಂದ ತಟ್ಟಬೇಕಾಗಿ ಬಂದರೆ ಅಲ್ಲಿಗೇ ನಿಲ್ಲಿಸಬೇಕು. ಪ್ರೈಮರ್ ಚಪ್ಪಟೆಯಾಗುವುದನ್ನು ಮಾತ್ರ ನಂಬಿಕೊಂಡರೆ ಆಗದು, ಮೆತ್ತಗಿನ ಪ್ರೈಮರ್ ಸಾಧಾರಣ ಒತ್ತಡಕ್ಕೂ ಚಪ್ಪಟೆಯಾಗುತ್ತದೆ, ಗಟ್ಟಿಯದು ಮಿತಿ ದಾಟಿದರೂ ಗುಂಡಗೇ ಇರುತ್ತದೆ. ಈ ಗುರುತುಗಳು ಕಾಣಿಸುವ ಹೊತ್ತಿಗೆ .308ಕ್ಕೆ ಸಾಮಿ ಹಾಕಿರುವ 62,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಮಿತಿಯನ್ನು ದಾಟಿರುವ ಸಾಧ್ಯತೆಯೇ ಹೆಚ್ಚು.

ಅದಕ್ಕಿಂತ ಮೊದಲೇ ಎಚ್ಚರಿಸುವುದು ಕ್ರೋನೋಗ್ರಾಫ್. ನಿಮ್ಮ ನಳಿಕೆಯಷ್ಟೇ ಉದ್ದದ ನಳಿಕೆಗೆ ಕೈಪಿಡಿ ಕೊಟ್ಟಿರುವ ಗರಿಷ್ಠ ವೇಗವನ್ನು ನೀವು ಕಡಿಮೆ ಪ್ರಮಾಣದಲ್ಲೇ ಮುಟ್ಟಿದರೆ ಒತ್ತಡವೂ ಅಲ್ಲಿಗೆ ಮುಟ್ಟಿದೆ. ನಾವು ಪಾಲಿಸಬೇಕಾದ ನಿಯಮ ಇಷ್ಟು: 40 ಡಿಗ್ರಿಯಲ್ಲಿ ಅಳೆದ ವೇಗ ಆ ಗರಿಷ್ಠವನ್ನು ದಾಟಬಾರದು. ಪ್ರಮಾಣ ಹುಡುಕುವ ಕೆಲಸವನ್ನು ಬೇಸಿಗೆಯಲ್ಲೇ ಮಾಡುವುದು ಒಳ್ಳೆಯದು. ಏಪ್ರಿಲ್‌ನಲ್ಲಿ ಸುರಕ್ಷಿತವಾಗಿದ್ದದ್ದು ಡಿಸೆಂಬರ್‌ನಲ್ಲಿ ಸ್ವಲ್ಪ ನಿಧಾನವಾಗುತ್ತದೆ ಅಷ್ಟೇ. ಡಿಸೆಂಬರ್‌ನಲ್ಲಿ ಅಂಚಿಗೆ ತಂದಿಟ್ಟದ್ದು ಏಪ್ರಿಲ್‌ನಲ್ಲಿ ಅಂಚು ದಾಟುತ್ತದೆ.

ಗಾಳಿಯೊಂದು ಬೇರೆ ಬಾಬ್ತು

ಮದ್ದಿನ ಕಾವು, ಗಾಳಿಯ ಕಾವು ಎರಡೂ ಬೇರೆ ಬೇರೆ ಲೆಕ್ಕ. ಎರಡೂ ಗುಂಡನ್ನು ಮೇಲಕ್ಕೇ ಒಯ್ಯುತ್ತವೆ. ಗಾಳಿ 10 ಡಿಗ್ರಿ ಕಾದರೆ ಅದರ ಸಾಂದ್ರತೆ ಶೇ. 3ಕ್ಕೂ ಸ್ವಲ್ಪ ಹೆಚ್ಚು ಇಳಿದು ಎಳೆತ ಕಡಿಮೆಯಾಗುತ್ತದೆ. ಗುಂಡಿನ ಹಾದಿ ಲೆಕ್ಕ ಹಾಕುವ ಬ್ಯಾಲಿಸ್ಟಿಕ್ ಆ್ಯಪ್‌ಗಳು ಮದ್ದಿನ ಉಷ್ಣಾಂಶವನ್ನು ಬೇರೆಯಾಗಿ ಕೇಳುವುದು ಇದಕ್ಕೇ. ಅಲ್ಲಿ ನೆರಳಿನ ಪೆಟ್ಟಿಗೆಯಲ್ಲಿಟ್ಟ ಕಾಡತೂಸಿನ 28 ಡಿಗ್ರಿ ಹಾಕಬೇಕೇ ಹೊರತು ಹೊರಗಿನ 36 ಅಲ್ಲ.

ಮೈಸೂರಿನವರು ಸಾಮಾನ್ಯವಾಗಿ ತಪ್ಪುವುದು ಆ್ಯಪ್‌ನ ಗಾಳಿಯ ಒತ್ತಡದ ಖಾನೆಯಲ್ಲಿ. ಹವಾಮಾನ ವರದಿಯಲ್ಲಿ ಬರುವ 1010, 1013 ಹೆಕ್ಟೊಪ್ಯಾಸ್ಕಲ್ ಸಮುದ್ರಮಟ್ಟಕ್ಕೆ ಇಳಿಸಿ ಹೇಳಿದ ಅಂಕಿ. ಮೈಸೂರು ಇರುವುದು ಸುಮಾರು 770 ಮೀಟರ್ ಎತ್ತರದಲ್ಲಿ, ಇಲ್ಲಿನ ನಿಜವಾದ ಒತ್ತಡ 925ರ ಆಸುಪಾಸು. ಮಂಡ್ಯದಲ್ಲಿ ಅದಕ್ಕಿಂತ ಹತ್ತು ಹೆಕ್ಟೊಪ್ಯಾಸ್ಕಲ್‌ನಷ್ಟು ಹೆಚ್ಚು. ವರದಿಯ ಅಂಕಿಯನ್ನೇ ಹಾಕಿ ಎತ್ತರವನ್ನು ಬಿಟ್ಟರೆ ಗಾಳಿ ಶೇ. 9ರಷ್ಟು ದಟ್ಟವಾಗಿದೆ ಎಂದು ಆ್ಯಪ್ ನಂಬುತ್ತದೆ, ದೂರ ಹೆಚ್ಚಿದಂತೆ ಗುಂಡು ಅದು ಹೇಳಿದ್ದಕ್ಕಿಂತ ಮೇಲೆ ಬಡಿಯುತ್ತದೆ. ಮದ್ದು ಕೆಟ್ಟಿದೆ ಎಂದು ದೂರುವ ಮೊದಲು ಈ ಖಾನೆ ನೋಡಬೇಕು. ಕಾದ ನಳಿಕೆಯಿಂದ ಸ್ಕೋಪಿನ ಮುಂದೆ ಏಳುವ ಬಿಸಿಲ್ಗುದುರೆಯೂ ಗುರಿಯನ್ನು ಮೇಲೆ ತೇಲಿಸಿ ತೋರಿಸುತ್ತದೆ, ನಳಿಕೆಯ ಮೇಲೆ ಅಗಲದ ಬಟ್ಟೆಪಟ್ಟಿ ಕಟ್ಟಿದರೆ ಅದು ತಗ್ಗುತ್ತದೆ.

ಇಡುವುದು, ಒಯ್ಯುವುದು

ಕಾವಿನಿಂದ ಮದ್ದು ಆ ಹೊತ್ತಿಗೆ ಚುರುಕಾಗುವುದು ಒಂದು, ವರ್ಷಗಟ್ಟಲೆ ಕಾವಿನಲ್ಲಿ ಕೆಡುವುದು ಇನ್ನೊಂದು. ನೈಟ್ರೋಸೆಲ್ಯುಲೋಸ್ ತಾನಾಗಿಯೇ ನಿಧಾನವಾಗಿ ಒಡೆಯುತ್ತಿರುತ್ತದೆ. ಅದರಿಂದ ಬರುವ ನೈಟ್ರೋಜನ್ ಆಕ್ಸೈಡುಗಳು ಮತ್ತಷ್ಟು ಒಡೆಸುತ್ತವೆ. ಡೈಫಿನೈಲಮೈನ್‌ನಂಥ ಸ್ಥಿರಕಾರಿ ಅವನ್ನು ಹೀರಿಕೊಳ್ಳುತ್ತಿರುವಷ್ಟು ದಿನ ಮದ್ದು ಚೆನ್ನಾಗಿರುತ್ತದೆ. ಶೀಟಿನ ಮಾಡಿನ ಕೆಳಗೆ ಅಟ್ಟದ ಮೇಲಿಟ್ಟರೆ ಸ್ಥಿರಕಾರಿ ಬೇಗ ಖರ್ಚಾಗುತ್ತದೆ. ಒಳ್ಳೆಯ ಮದ್ದಿನ ಡಬ್ಬಿ ತೆರೆದಾಗ ಈಥರ್‌ನಂಥ ಹಗುರ ವಾಸನೆ ಬರುತ್ತದೆ. ಮೂಗಿಗೆ ಚುಚ್ಚುವ ಆಮ್ಲದ ವಾಸನೆ, ಕಾಳುಗಳ ಮೇಲೆ ಇಟ್ಟಿಗೆ ಬಣ್ಣದ ಪುಡಿ, ಮುಚ್ಚಳದ ಒಳಗೆ ತುಕ್ಕು, ಕೆಂಪು ಹೊಗೆ, ಇವುಗಳಲ್ಲಿ ಒಂದು ಕಂಡರೂ ಆ ಡಬ್ಬಿ ಮನೆಯೊಳಗಿರಬಾರದು. ಹೊರಗೊಯ್ದು ನೀರು ತುಂಬಿ ಅಗ್ನಿಶಾಮಕ ದಳವನ್ನು ಕೇಳುವುದು ಸರಿ. ತುಂಬಿದ ಕಾಡತೂಸಿನಲ್ಲಾದರೆ ಕೇಸಿನ ಕತ್ತು ಸೀಳುತ್ತದೆ, ಗುಂಡಿನ ಬುಡದಲ್ಲಿ ಹಸಿರು ಕಿಲುಬು ಕಾಣುತ್ತದೆ. ಅಂಥವನ್ನು ಲೈಸೆನ್ಸ್ ಇರುವ ಅಂಗಡಿಗೆ ಒಪ್ಪಿಸಬೇಕು.

ಮದ್ದು ಅದರ ಮೂಲ ಡಬ್ಬಿಯಲ್ಲೇ, ಮನೆಯ ಕೆಳಗಿನ ತಂಪು ಕೋಣೆಯಲ್ಲಿ, ಮರದ ಪೆಟ್ಟಿಗೆಯಲ್ಲಿರಬೇಕು. ಗಾಳಿಯಾಡದ ಕಬ್ಬಿಣದ ಟ್ರಂಕು ಬೇಡ. ಬೆಂಕಿ ತಗುಲಿದರೆ ಮರದ ಪೆಟ್ಟಿಗೆ ಬಿಚ್ಚಿಕೊಂಡು ಮದ್ದು ಬುಸ್ಸೆಂದು ಉರಿದುಹೋಗುತ್ತದೆ, ಬಿಗಿಯಾದ ಟ್ರಂಕು ಬಾಂಬಾಗುತ್ತದೆ. ಫ್ರಿಜ್ ಕೂಡ ಬೇಡ, ತೆಗೆದಾಗಲೆಲ್ಲ ಪಸೆ ಹಿಡಿಯುತ್ತದೆ. ತೇವದ ಪಾತ್ರ ಇಲ್ಲಿ ಸಣ್ಣದಲ್ಲ: ಒಣಗಿದ ಮದ್ದು ಬೇಗ ಉರಿಯುತ್ತದೆ, ತೇವ ಹೀರಿದ್ದು ನಿಧಾನ. ಮಾರ್ಚ್, ಏಪ್ರಿಲ್‌ನ ಒಣಗಾಳಿಯಲ್ಲಿ ಅಳತೆ ಯಂತ್ರದಲ್ಲಿ ಮದ್ದು ಬಿಟ್ಟು ಊಟಕ್ಕೆ ಹೋಗುವುದರಿಂದ ಕಾವು, ಒಣಗುವಿಕೆ ಎರಡೂ ಒಂದೇ ದಿಕ್ಕಿಗೆ ತಳ್ಳುತ್ತವೆ. ತುಂಬಿ ಮುಗಿದ ಕೂಡಲೇ ಡಬ್ಬಿಗೆ ವಾಪಸ್ ಸುರಿದು ಮುಚ್ಚಬೇಕು.

ರೇಂಜಿಗೆ ಒಯ್ಯುವಾಗ ಥರ್ಮಕೋಲ್ ಪೆಟ್ಟಿಗೆಯಲ್ಲಿ ಮಂಜುಗಡ್ಡೆಯಿಲ್ಲದೆ ಒಯ್ದರೆ ಬೆಳಗಿನ ತಂಪು ಮಧ್ಯಾಹ್ನದವರೆಗೆ ಉಳಿಯುತ್ತದೆ. ಮುಚ್ಚಿದ ಕಾರಿನೊಳಗೆ ಬಿಡಬಾರದು, ನಿಂತ ಕಾರು ಬಿಸಿಲಲ್ಲಿ 55-60ಕ್ಕೆ ಹೋಗುತ್ತದೆ. ನೇಟೊ ದೇಶಗಳು ಸೇನೆಯ ಕಾಡತೂಸನ್ನು ಬಿಸಿಯಲ್ಲಿ ಪರೀಕ್ಷಿಸುವುದೇ 52 ಡಿಗ್ರಿಯಲ್ಲಿ, ಅದಕ್ಕಿಂತ ಮೇಲೆ ನಾವು ಏಕೆ ಒಯ್ಯಬೇಕು? ಬೆಂಚಿನ ಮೇಲೆ ಬಿಳಿ ಟವೆಲಿನಡಿ ಮುಚ್ಚಿಡಬೇಕು. ಹತ್ತಾರು ಹೊಡೆದು ಕಾದ ಚೇಂಬರಿನಲ್ಲಿ ಕಾಡತೂಸು ಹಾಕಿ ಗಾಳಿ ನಿಲ್ಲಲೆಂದು ಒಂದು ನಿಮಿಷ ಕಾಯುವ ಅಭ್ಯಾಸ ಬಹಳ ಜನರಿಗಿದೆ. ಪೆಟ್ಟಿಗೆಯಲ್ಲಿ ಕಾಪಾಡಿದ ತಂಪೆಲ್ಲ ಆ ಒಂದು ನಿಮಿಷದಲ್ಲಿ ಹೋಗುತ್ತದೆ, ಆ ಹೊಡೆತ ಮೇಲೆ ಹೋಗಿ ಬಡಿಯುತ್ತದೆ. ಕಾಯಬೇಕಾದರೆ ಬೋಲ್ಟ್ ತೆರೆದು ಕಾಯಬೇಕು. ಕುದುರೆ ಒತ್ತಿದಾಗ ಹಾರದಿದ್ದರೆ ಮಾತ್ರ ಬೋಲ್ಟ್ ಮುಚ್ಚಿಯೇ ಇರಲಿ, ನಳಿಕೆ ಗುರಿಯ ಕಡೆಗೇ ಇರಲಿ, 30 ಸೆಕೆಂಡಾದರೂ ಕಾದು ಆಮೇಲೆ ತೆರೆಯಬೇಕು.

.22 ಹೊಡೆಯುವವರಿಗೆ

ಇಲ್ಲಿ ಹೆಚ್ಚಿನವರು ಹೊಡೆಯುವುದು 50 ಮೀಟರಿನ .22. ಇದನ್ನು ಯಾರೂ ಮನೆಯಲ್ಲಿ ತುಂಬುವುದಿಲ್ಲ, ಲಾಟ್ ಆರಿಸುವುದೇ ಇಲ್ಲಿ ಮದ್ದು ಆರಿಸಿದ ಹಾಗೆ. 40 ಗ್ರೇನಿನ ಮ್ಯಾಚ್ ಗುಂಡಿನ ವೇಗ ಸೆಕೆಂಡಿಗೆ 325-331 ಮೀಟರ್. 20 ಡಿಗ್ರಿಯಲ್ಲಿ ಶಬ್ದದ ವೇಗ 343, 35ರಲ್ಲಿ 352. ಅಂದರೆ ಕಾವಿಗೆ ಗುಂಡು ಸ್ವಲ್ಪ ಚುರುಕಾದರೂ ಶಬ್ದದ ಗಡಿ ಅದಕ್ಕಿಂತ ದೂರ ಸರಿದಿರುತ್ತದೆ, ಆ ಭಯ ನಮಗಿಲ್ಲ. ವೇಗದಲ್ಲಿ 5 ಮೀಟರ್ ಬದಲಾದರೆ 50 ಮೀಟರಿನಲ್ಲಿ ಸುಮಾರು 3.5 ಮಿಲಿಮೀಟರ್ ಮೇಲೆ ಕೆಳಗೆ ಆಗುತ್ತದೆ. ಹತ್ತರ ವೃತ್ತದ ವ್ಯಾಸ 10.4 ಮಿಲಿಮೀಟರ್ ಇರುವಾಗ ಅದು ಅಂಚಿನಲ್ಲಿರುವ ಹತ್ತನ್ನು ಒಂಬತ್ತು ಮಾಡಲು ಸಾಕು.

.22ರಲ್ಲಿ ಮದ್ದಿಗಿಂತ ಮೊದಲು ಕಾವಿಗೆ ಸೋಲುವುದು ಗುಂಡಿನ ಮೇಲಿನ ಮೇಣದ ಲೇಪ. ಚಳಿದೇಶದ ಬಯತ್ಲಾನ್ (ಹಿಮದ ಮೇಲೆ ಸ್ಕೀ ಓಟ ಮತ್ತು ಗುರಿ ಹೊಡೆತ) ಸ್ಪರ್ಧಿಗಳಿಗೆ ಲಾಪುವಾ ಪೋಲಾರ್ ಬಯತ್ಲಾನ್‌ನಂಥ ಬೇರೆ ಕಾಡತೂಸೇ ಇದೆ, ಅಲ್ಲಿ ಲೇಪ ಗಟ್ಟಿಯಾಗುವುದು ತೊಂದರೆ. ಇಲ್ಲಿ ಅದು ಮೆತ್ತಗಾಗಿ ಡಬ್ಬಿಯ ಪ್ಲಾಸ್ಟಿಕ್ಕಿಗೆ ಅಂಟುತ್ತದೆ, ಜೇಬಿನಲ್ಲಿಟ್ಟರೆ ಧೂಳು ಹಿಡಿಯುತ್ತದೆ, ಒಂದು ಗುಂಡಿನ ಮೇಲೆ ದಪ್ಪ, ಇನ್ನೊಂದರ ಮೇಲೆ ತೆಳು ಆಗುತ್ತದೆ. ಗುರಿಯಲ್ಲಿ ಇದು ಕಾರಣವಿಲ್ಲದೆ ಹೊರಹೋದ ಒಂದೊಂದು ಹೊಡೆತವಾಗಿ ಕಾಣುತ್ತದೆ. ಡಬ್ಬಿ ತೆರೆದು ಗುಂಡುಗಳ ಸಾಲನ್ನು ಪಕ್ಕದಿಂದ ನೋಡಿದರೆ ಲೇಪ ಎಲ್ಲೆಲ್ಲಿ ಕಿತ್ತಿದೆ ಎಂದು ಕಾಣುತ್ತದೆ. ಕಿತ್ತವನ್ನು ಅಭ್ಯಾಸಕ್ಕೆ ಬಿಟ್ಟು ಉಳಿದವನ್ನು ಸ್ಪರ್ಧೆಗೆ ಇಡಿ. ಕಂಪನಿ ಬದಲಾಯಿಸಿದಾಗ ಹಳೆಯ ಲೇಪ ನಳಿಕೆಯಿಂದ ಹೋಗಿ ಹೊಸದು ಕೂರುವವರೆಗೆ ಒಂದಷ್ಟು ಹೊಡೆತ ಲೆಕ್ಕಕ್ಕಿಲ್ಲ. ಲಾಟ್ ಪರೀಕ್ಷೆಗೆ ಹತ್ತರ ನಾಲ್ಕು ಗುಂಪು ಹೊಡೆಯುವುದಾದರೆ ಎರಡನ್ನು ಬೆಳಿಗ್ಗೆ ಏಳಕ್ಕೆ, ಎರಡನ್ನು ಮಧ್ಯಾಹ್ನ ಎರಡಕ್ಕೆ ಹೊಡೆದು, ಎರಡೂ ಹೊತ್ತಿನಲ್ಲಿ ಬಿಗಿಯಾಗಿ ಕೂರುವ ಲಾಟನ್ನೇ ಕೊಳ್ಳಿ. ಬೆಳಿಗ್ಗೆ ಅತ್ಯುತ್ತಮವಾಗಿದ್ದು ಮಧ್ಯಾಹ್ನ ಹರಡುವ ಲಾಟಿಗಿಂತ ಎರಡೂ ಹೊತ್ತು ಒಂದೇ ಸಮ ಇರುವುದು ಇಲ್ಲಿನ ರೇಂಜುಗಳಿಗೆ ಮೇಲು.